ಅಯೋವಾ ಸಂಸ್ಥಾನದ ನ್ಯಾಯಾಧಿಪತಿಯೂ ಪ್ರಜಾಸಮ್ಮತಿಯೂ

ನ್ಯಾಯಾಸನದಲ್ಲಿ ಕುಳಿತವನನ್ನು ಪ್ರಜೆಗಳು ಮತಕೊಟ್ಟು ಇಳಿಸಬಹುದೆಂಬ ಮಾತು ನಮ್ಮವರಿಗೆ ವಿಪರೀತವಾಗಿ ತೋರುವುದು ಸಹಜವೇ. ಸ್ಮೃತಿಗಳ ಪ್ರಕಾರ ಪ್ರಾಡ್ವಿವಾಕನನ್ನು ನಿಯಮಿಸತಕ್ಕವನು ರಾಜನು. ಈಗಿನ ನಮ್ಮ ರಾಜ್ಯಾಂಗದಲ್ಲಿಯೂ ನ್ಯಾಯಾಧೀಶರು ಚುನಾವಣೆಗೆ ನಿಲ್ಲುವುದಿಲ್ಲ. ಆದರೆ ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಹಲವು ಕಡೆ ಈ ಪದ್ಧತಿಯುಂಟು. ಅಯೋವಾ ಸಂಸ್ಥಾನದ ಒಂದು ವೃತ್ತಾಂತವು ಅದರ ಗುಣದೋಷಗಳೆರಡನ್ನೂ ವಾಚಕರಿಗೆ ತಿಳಿಸಬಲ್ಲುದು.

1857ರ ರಾಜ್ಯಾಂಗದ ಮೇರೆಗೆ ಅಲ್ಲಿನ ನ್ಯಾಯಾಧಿಪತಿಗಳು ಪಕ್ಷಗಳ ಹುರಿಯಾಳುಗಳಾಗಿ ಸ್ಪರ್ಧಿಸಿ ಗೆದ್ದು ಬರುತ್ತಿದ್ದರು. 1962ರ ತಿದ್ದುಪಡಿಯು ಇದನ್ನು ತೊಡೆದುಹಾಕಿತು. ಅಂದಿನಿಂದ ಒಂದು ಮಂಡಲಿಯು ಯೋಗ್ಯರನ್ನು ಹೆಸರಿಸುವುದು. ಗವರ್ನರು ಅವರಲ್ಲೊಬ್ಬರನ್ನು ನಿಯಮಿಸುವರು. ವರ್ಷವೊಂದಾದರೂ ಕಳೆದ ಮೇಲೆ ಆತನ ಹೆಸರು ಮತಪತ್ರದಲ್ಲಿ ಬರುವುದು. ಪ್ರತಿಸ್ಪರ್ಧಿಯಿಲ್ಲ, ಈತನು ಮುಂದುವರಿಯಬೇಕೇ ಬೇಡವೇ ಎಂಬುದಿಷ್ಟೇ ಪ್ರಶ್ನೆ. ಹೌದೆಂದವರು ಹೆಚ್ಚಾದರೆ ಜಿಲ್ಲಾ ನ್ಯಾಯಾಧಿಪತಿಗೆ 6 ವರ್ಷ, ಸರ್ವೋಚ್ಚ ನ್ಯಾಯಾಲಯದವರಿಗೆ 8 ವರ್ಷ ಅಧಿಕಾರ. ಮತದಾರರಲ್ಲಿ ಅನೇಕರು ಈ ಪ್ರಶ್ನೆಗೆ ಉತ್ತರವನ್ನೇ ಬರೆಯದೆ ಹಿಂದಿರುಗುವುದೂ ಉಂಟು.

ರಾಜಧಾನಿಯಾದ ಡಿ ಮಾಯ್ನ್ ನಗರವಿರುವ ಪೋಕ್ ಕೌಂಟಿಯಲ್ಲಿ ರಾಬರ್ಟ್ ಹ್ಯಾನ್ಸನ್ ಎಂಬಾತನು ಜಿಲ್ಲಾ ನ್ಯಾಯಾಧಿಪತಿಯಾಗಿದ್ದನು. ವಿವಾಹವು ಸ್ತ್ರೀಪುರುಷರಿಗೆ ಮಾತ್ರವೆಂದು 1998ರಲ್ಲಿ ಅಲ್ಲಿ ಒಂದು ಶಾಸನವಾಗಿತ್ತು. ವಿವಾಹದ ಅನುಮತಿಪತ್ರವು ತಮಗೆ ನಿರಾಕರಿಸಲ್ಪಟ್ಟಿತೆಂದು ಸಮಾನಲಿಂಗದ ಆರು ಜೋಡಿಗಳು 2005ರಲ್ಲಿ ದಾವೆ ಹೂಡಿದವು. 2007ರ ಆಗಸ್ಟ್ 30ರಂದು ಹ್ಯಾನ್ಸನ್ನನು ಆ ಶಾಸನವು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪಿತ್ತನು. ಮಾರನೆಯ ದಿನವೇ, ಮೇಲಿನ ನ್ಯಾಯಾಲಯವು ವಿಚಾರಿಸುವವರೆಗೆ, ತನ್ನ ತೀರ್ಪಿಗೆ ತಾನೇ ತಡೆಯನ್ನೂ ಇತ್ತನು. ಆ ನಡುವಣ ಅಲ್ಪಕಾಲದಲ್ಲಿ ಒಂದು ಜೋಡಿಯ ವಿವಾಹವು ನಡೆದುಹೋಯಿತು! ವಿವಾದದ ಮೊದಲ ಪೆಟ್ಟು ಬೀಳುವುದು ಯಾವಾಗಲೂ ಕೆಳಗಿನ ನ್ಯಾಯಾಲಯದವನಿಗೆ. ಕೀರ್ತಿಯಾಗಲಿ ಅಪಕೀರ್ತಿಯಾಗಲಿ ಮೇಲಿನವರ ಪಾಲಿಗೆ.

ಇಲ್ಲಿಯೂ ಹಾಗೆಯೇ ಆಯಿತು. 2009ರ ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯದ ಏಳು ಮಂದಿಯೂ ಏಕಮತದಿಂದ ಹ್ಯಾನ್ಸನ್ನನ ತೀರ್ಪನ್ನು ಎತ್ತಿಹಿಡಿದರು. ನಿರ್ಣಯವನ್ನು ಬರೆದವರು ಮಾರ್ಕ್ ಕೇಡಿ. ಮರುವರ್ಷದ ನವೆಂಬರಿನಲ್ಲಿ ಏಳರಲ್ಲಿ ಮೂವರ ಸರದಿ ಬಂದಿತು: ಮುಖ್ಯ ನ್ಯಾಯಾಧಿಪತಿಯಾದ ಮಾರ್ಷಾ ಟರ್ನಸ್, ಮೈಕೇಲ್ ಸ್ಟ್ರೀಟ್, ಡೇವಿಡ್ ಬೇಕರ್. ಬಾಬ್ ವ್ಯಾಂಡರ್ ಪ್ಲಾಟ್ಸ್ ಎಂಬ ರಾಜಕಾರಣಿಯು ಅವರ ವಿರುದ್ಧ ಊರೂರು ತಿರುಗಿದನು. ಹೊರ ಸಂಸ್ಥಾನಗಳಿಂದಲೂ ಹಣವು ಹರಿದುಬಂದಿತು. ಮೂವರೂ ನಿಧಿ ಕೂಡಿಸಲಿಲ್ಲ, ಪ್ರಚಾರ ಸಮಿತಿಯನ್ನೂ ಏರ್ಪಡಿಸಲಿಲ್ಲ. ಶತ್ರುಮಿತ್ರರಲ್ಲಿ ಸಮರಾದವರನ್ನೇ ಸಭ್ಯರನ್ನಾಗಿ ಮಾಡಬೇಕೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನಷ್ಟೆ. ಕೈಚಾಚಿ ಮತ ಬೇಡಿದವನಿಗೆ ಆ ಸಮತ್ವವು ಉಳಿಯುವ ಬಗೆ ಹೇಗೆ? ಅವರು ಸುಮ್ಮನಿದ್ದುದೇ ಸರಿಯೆಂದು ನನ್ನ ಮತ. ನೂರಕ್ಕೆ 54ರಷ್ಟು ಮಂದಿ ಬೇಡವೆಂದರು. 1962ರಿಂದ ಈಚೆಗೆ ಆ ನ್ಯಾಯಾಲಯದವರೊಬ್ಬರೂ ಹೀಗೆ ಸ್ಥಾನಭ್ರಷ್ಟರಾಗಿರಲಿಲ್ಲ.

ಆದರೆ ಅದೇ ದಿನ, ಎಲ್ಲಕ್ಕೂ ಮೂಲನಾದ ಹ್ಯಾನ್ಸನ್ನನ ಹೆಸರೂ ಪೋಕ್ ಕೌಂಟಿಯ ಮತಪತ್ರದಲ್ಲಿತ್ತು. ಆತನನ್ನು ಪ್ರಜೆಗಳು ಉಳಿಸಿಕೊಂಡರು! ತೀರ್ಪು ಒಂದೇ, ಮತ ಹಾಕಿದವರು ಮಾತ್ರ ಬೇರೆ. ಮೂವರಿಗೆ ಇಡೀ ಸಂಸ್ಥಾನವೇ ಮತಕ್ಷೇತ್ರ. ಜಿಲ್ಲಾ ನ್ಯಾಯಾಧಿಪತಿಗೆ ತನ್ನ ಸೀಮೆಯ ಜನರಷ್ಟೇ. ನಗರವಾಸಿಗಳ ಮನೋಧರ್ಮವೇ ಅದಕ್ಕೆ ಕಾರಣವೋ, ಹತ್ತಿರದಿಂದ ಕಂಡವನಲ್ಲಿನ ವಿಶ್ವಾಸವೇ ಕಾರಣವೋ, ವಾಚಕರು ವಿಚಾರಿಸಲಿ. ಎರಡೂ ಕೂಡಿದ್ದಿರಬಹುದೆಂದು ನನಗೆ ತೋರುತ್ತದೆ.

ಮೂವರು ಹೋದರೂ ತೀರ್ಪು ಹೋಗಲಿಲ್ಲ. 2012ರಲ್ಲಿ ಆ ಮೂವರಿಗೆ ಕೆನೆಡಿಯವರ ಹೆಸರಿನ ಧೈರ್ಯಪ್ರಶಸ್ತಿಯು ದೊರೆಯಿತು. ಅದೇ ವರ್ಷ ನಾಲ್ಕನೆಯವರಾದ ಡೇವಿಡ್ ವಿಗಿನ್ಸರ ಮೇಲೂ ಅದೇ ಪ್ರಚಾರವು ಎದ್ದಿತಾದರೂ ಅವರು ಉಳಿದರು. ನಿರ್ಣಯವನ್ನು ಬರೆದ ಕೇಡಿಯವರ ಸರದಿಯು 2016ರಲ್ಲಿ ಬಂದಿತು, ಪ್ರಜೆಗಳು ಹೌದೆಂದರು. 2019ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಆ ಸಂಸ್ಥಾನದ ಮುಖ್ಯ ನ್ಯಾಯಾಧಿಪತಿಯಾಗಿಯೇ ಇದ್ದರು.