ಚಂದ್ರಗಿರಿಯ ಎರಡು ದಡ

ಕತೆಗೆ ವಸ್ತು ಎಲ್ಲಿಂದ ತರುವುದೆಂದು ಹೊಸ ಬರಹಗಾರರು ಕೇಳುವುದುಂಟು. ವಸ್ತು ಮನೆಯೊಳಗೇ ಇರುತ್ತದೆ. ವಾದವನ್ನು ಕತೆಯಾಗಿಸುವುದೇ ಕಷ್ಟ. ಮಂಗಳೂರಿನಲ್ಲಿ ನೆಲೆಸಿದ್ದ ಸಾರಾ ಅಬೂಬಕ್ಕರ್ (1936-2023) ಅದನ್ನು ಹೇಗೆ ಸಾಧಿಸಿದರೆಂದು ನೋಡೋಣ.

ಕಾಸರಗೋಡಿನಲ್ಲಿ ಹುಟ್ಟಿದ ಅವರ ಮನೆಮಾತು ಮಲಯಾಳಂ, ಓದಿದ್ದು ಕನ್ನಡ. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾಳಿಗೆ ಗಂಡನ ಮೇಲೆ ಮುನಿಸಿಲ್ಲ, ಹಟ ತಂದೆಯದು. ತಲಾಖ್ ಆಗಿಬಿಡುತ್ತದೆ. ಮತ್ತೆ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಒಂದು ರಾತ್ರಿಗೆ ಮದುವೆಯಾಗಬೇಕು ಎನ್ನುತ್ತಾರೆ. (ಹೀಗೆ ಗೊತ್ತುಮಾಡಿಕೊಂಡು ನಡೆಸುವ ಮದುವೆಯನ್ನು ಹದೀಸ್ ಖಂಡಿಸುತ್ತದೆ, ಆದರೆ ಊರಿನ ರೂಢಿಗೆ ಅದರ ಗೊಡವೆ ಇಲ್ಲ.) ಲೇಖನವಾಗಿದ್ದರೆ ಇದು ಶರೀಅತ್ ಕುರಿತ ಚರ್ಚೆಯಾಗುತ್ತಿತ್ತು. ಸಾರಾ ನಡುವೆ ಒಂದು ಹೊಳೆಯನ್ನು ಹರಿಯಬಿಟ್ಟರು. ಗಂಡ ಮತ್ತು ಮಗು ಆಚೆ ದಡದಲ್ಲಿ, ನಾದಿರಾ ಈಚೆ ದಡದಲ್ಲಿ. ಅವಳು ಹೊಳೆ ದಾಟುತ್ತಾಳೋ ಇಲ್ಲವೋ ಎಂಬುದಷ್ಟೇ ಓದುಗನ ಆತಂಕ. ಕೊನೆಗೆ ಅವಳು ಮಸೀದಿಯ ಕೊಳಕ್ಕೆ ಹಾರುತ್ತಾಳೆ. ಮುಂದಿನ ಕೆಲವು ಕೃತಿಗಳಲ್ಲಿ ವಾದವೇ ಕತೆಗಿಂತ ಮುಂದೆ ಓಡಿತೆಂದು ನನಗನ್ನಿಸುತ್ತದೆ, ಇಲ್ಲಿ ಹಾಗಾಗಿಲ್ಲ.

ಇದೇ ಕರಾವಳಿಯ ಬೊಳುವಾರು ಮಹಮದ್ ಕುಂಞಿ ಮುತ್ತುಪ್ಪಾಡಿ ಎಂಬ ಊರನ್ನೇ ಕಲ್ಪಿಸಿ, ನಗಿಸುತ್ತಾ ಕತೆ ಹೇಳಿದರು. ಸಾರಾ ನಿಜವಾದ ಹೊಳೆಯ ಹೆಸರನ್ನೇ ಇಟ್ಟರು, ನಗಿಸಲೂ ಇಲ್ಲ. ಅದಕ್ಕೆ ಬೆಲೆಯನ್ನೂ ತೆತ್ತರು: 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ಅವರ ವಿರುದ್ಧ ಗದ್ದಲವೆದ್ದಿತು. ಅವರು ಬರೆಯುವುದನ್ನು ಬಿಡಲಿಲ್ಲ. ಮುಂದೆ ಸ್ವಂತ ಪ್ರಕಾಶನ ಆರಂಭಿಸಿದಾಗ ಅದಕ್ಕೂ ಚಂದ್ರಗಿರಿ ಎಂದೇ ಹೆಸರಿಟ್ಟರು.