ಕಡಾಯಿ ಒಬ್ಬರದು, ಬಿಯರ್ ಇನ್ನೊಬ್ಬರದು

1984ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಜಿಮ್ ಕೋಕ್ ಎಂಬಾತ ಒಳ್ಳೆ ಸಂಬಳದ ಕೆಲಸ ಬಿಟ್ಟು ಬಿಯರ್ ಕಂಪನಿ ಶುರು ಮಾಡಿದ. ಪೂರ್ವಜರ ಕಾಲದ ಬಿಯರ್ ಪಾಕ ಮನೆಯಲ್ಲೇ ಇತ್ತು. ಇಲ್ಲದ್ದು ಕಾರ್ಖಾನೆ. ಆತ ಸೀದಾ ಪಿಟ್ಸ್‌ಬರ್ಗ್‌ನ ಹಳೇ ಕಾರ್ಖಾನೆಯೊಂದಕ್ಕೆ ಹೋಗಿ, ನನ್ನ ಬಿಯರ್ ನಿಮ್ಮಲ್ಲಿ ಮಾಡಿಕೊಡಿ ಎಂದ.

ಕಾರ್ಖಾನೆಯವರು ಒಪ್ಪಲು ಕಾರಣವಿತ್ತು. ದೊಡ್ಡ ಕಂಪನಿಗಳು ಮಾರುಕಟ್ಟೆ ನುಂಗಿ, 1970ರ ದಶಕದ ಕೊನೆಗೆ ಇಡೀ ಅಮೆರಿಕದಲ್ಲಿ ಬಿಯರ್ ಕಂಪನಿಗಳು ನೂರಕ್ಕಿಂತ ಕಡಿಮೆಯಾಗಿದ್ದವು. ಉಳಿದ ಸಣ್ಣವರಲ್ಲಿ ಹಲವರ ತೊಟ್ಟಿಗಳು ಖಾಲಿ ಬಿದ್ದಿದ್ದವು. ಕೋಕ್‌ಗಿಂತ ಮುಂಚೆಯೇ ನ್ಯೂಯಾರ್ಕ್‌ನ ಮ್ಯಾಥ್ಯೂ ರೀಚ್ ಯುಟಿಕಾ ಊರಿನಲ್ಲಿ ಹೀಗೇ ಬಿಯರ್ ಮಾಡಿಸಿದ್ದ.

ಆಲೆಮನೆ ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ. ಕಬ್ಬು ನಮ್ಮದು, ಕೊಪ್ಪರಿಗೆ ಪಕ್ಕದೂರಿನವರದು, ಬೆಲ್ಲ ನಮ್ಮದು. ಆದರೆ ಬೆಲ್ಲ ಅವತ್ತೇ ಅಚ್ಚಿಗೆ ಬೀಳುತ್ತೆ. ಬಿಯರ್‌ಗೆ ಕುದಿಸುವ ಕೆಲಸ ಒಂದು ದಿನದ್ದು, ಆಮೇಲೆ ಯೀಸ್ಟ್ ಹಾಕಿ ತೊಟ್ಟಿಯಲ್ಲಿ ಬಿಡಬೇಕು. ಕೋಕ್ ಮಾಡಿಸಿದ ಲಾಗರ್ ಜಾತಿಯದಂತೂ ವಾರಗಟ್ಟಲೆ ತಣ್ಣಗೆ ಕೂತಿರಬೇಕು. ಹಾಗಾಗಿ ಇಲ್ಲಿ ಬಾಡಿಗೆ ಕಡಾಯಿಗಿಂತ ಹೆಚ್ಚಾಗಿ ತೊಟ್ಟಿಯ ದಿನಗಳಿಗೆ. ಮಾಲೀಕನ ಸ್ವಂತ ವ್ಯಾಪಾರ ಕುದುರಿದರೆ ಅತಿಥಿಗೆ ಜಾಗ ಸಿಗುವುದು ಕಷ್ಟ.

1985ರಲ್ಲಿ ಕೋಕ್‌ನ 'ಸ್ಯಾಮ್ಯುಯೆಲ್ ಆಡಮ್ಸ್' ಮಾರುಕಟ್ಟೆಗೆ ಬಂತು. ಅದೇ ವರ್ಷ ಡೆನ್ವರ್‌ನ ಬಿಯರ್ ಮೇಳದಲ್ಲಿ ಜನರ ಮತ ಪಡೆದು ಗೆದ್ದಿತು. ತಕರಾರೂ ಶುರುವಾಯ್ತು. ಸಾಲಸೋಲ ಮಾಡಿ ಸ್ವಂತ ಕಡಾಯಿ ಕೂರಿಸಿದ್ದವರಿಗೆ ಹೊಟ್ಟೆ ಉರಿಯದೇ ಇರುತ್ತಾ? ಬೋಸ್ಟನ್ ಹೆಸರು ಹೇಳಿ ಪಿಟ್ಸ್‌ಬರ್ಗ್ ಬಿಯರ್ ಮಾರ್ತಾನೆ ಎಂದರು. ದೊಡ್ಡ ಅಡುಗೆಯವರು ನಿಮ್ಮ ಮನೆ ಒಲೆಯಲ್ಲಿ ಬೇಯಿಸಿದರೆ ಊಟ ಯಾರದು ಎನ್ನುವುದು ಕೋಕ್‌ನ ವಾದ.

1996ರಲ್ಲಿ ಬಡ್ವೈಸರ್ ತಯಾರಿಸುವ ಆನ್‌ಹೈಸರ್-ಬುಶ್ ಕಂಪನಿಯೇ, ಬಿಯರ್ ನಿಜಕ್ಕೂ ಎಲ್ಲಿ ತಯಾರಾಯ್ತು ಅಂತ ಲೇಬಲ್ ಮೇಲೆ ಬರೆಸಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿತು. ಟಿವಿಯಲ್ಲೂ ಸುದ್ದಿಯಾಯ್ತು. ಆ ದೈತ್ಯ ಕಂಪನಿಗೆ ಸಣ್ಣವರ ಮೇಲೆ ಪ್ರೀತಿ ಉಕ್ಕಿತ್ತು ಅಂತ ನಾವು ನಂಬೊಲ್ಲ. ಆದರೂ ಕೇಳಿದ್ದು ಸರಿಯಾಗೇ ಇತ್ತು. ಕಾಸು ಕೊಟ್ಟು ಕೊಳ್ಳುವವನಿಗೆ ಅದು ಗೊತ್ತಿರಬೇಕು. (ಕುಡಿಯಿರಿ ಅಂತ ನಾವು ಹೇಳ್ತಿಲ್ಲ, ಮತ್ತೆ!) ಮರುವರ್ಷ ಕೋಕ್ ಸಿನ್ಸಿನಾಟಿಯಲ್ಲಿ ದೊಡ್ಡ ಕಾರ್ಖಾನೆಯನ್ನೇ ಕೊಂಡ.

ಡೆನ್ಮಾರ್ಕ್‌ನ ಮೇಷ್ಟ್ರು ಮಿಕ್ಕೆಲ್ ಬೋರ್ಗ್ ಬ್ಯರ್ಗ್ಸೊ ಇದನ್ನು ಮುಚ್ಚಿಡಲಿಲ್ಲ. 2006ರಲ್ಲಿ 'ಮಿಕ್ಕೆಲರ್' ಶುರು ಮಾಡಿ, ಹೆಚ್ಚಾಗಿ ಬೆಲ್ಜಿಯಂನ ಡಿ ಪ್ರೂಫ್ ಎಂಬ ಕಾರ್ಖಾನೆಯಲ್ಲಿ ಬಿಯರ್ ಮಾಡಿಸಿದ. ಬೇರೆಯವರಿಗೆ ಬಿಯರ್ ಮಾಡಿಕೊಡುವುದೇ ಆ ಕಾರ್ಖಾನೆಯ ಮುಖ್ಯ ಕಸುಬು. ಅಲೆಮಾರಿ ಬಿಯರ್‌ಗಾರ ಅನ್ನುವ ಹೆಸರೇ ಮಿಕ್ಕೆಲ್‌ಗೆ ಪ್ರಚಾರವಾಯ್ತು. 2010ರಲ್ಲಿ ಅವನ ಅವಳಿ ಸೋದರ ಯೆಪ್ಪೆ ಪೈಪೋಟಿಗೆ ನಿಂತು 'ಈವಿಲ್ ಟ್ವಿನ್' ಶುರು ಮಾಡಿದ. ಅಣ್ಣತಮ್ಮಂದಿರ ಮಧ್ಯೆ ಮಾತು ನಿಂತೇಹೋಯ್ತು. ಆಗ ಇಬ್ಬರಿಗೂ ಸ್ವಂತ ಕಡಾಯಿ ಇರಲಿಲ್ಲ.