ಹಲ್ಲು ಕೀಳುವ ವಿದ್ಯೆ

ನಮ್ಮ ಹಿರಿಯರಿಗೆ ಹಲ್ಲು ಕೀಳಿಸಲು ಬೇಕಾಗುತ್ತಿದ್ದುದು ಎರಡೇ: ಇಕ್ಕಳ ಮತ್ತು ಎದೆಗಾರಿಕೆ. ೧೮೪೬ರಲ್ಲಿ ಬಾಸ್ಟನ್ ನಗರದ ದಂತವೈದ್ಯ ಮಾರ್ಟನ್ ಈಥರ್ ಮೂಸಿಸಿ, ರೋಗಿಗೆ ನೋವು ತಿಳಿಯದಂತೆ ಹಲ್ಲು ಕಿತ್ತರು. ೧೯೪೩ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಡೊಕೇನ್ ಬಳಕೆಗೆ ಬಂದ ಮೇಲೆ, ಎಚ್ಚರ ತಪ್ಪಿಸದೆ ವಸಡನ್ನಷ್ಟೇ ಮರಗಟ್ಟಿಸುವುದು ಇನ್ನೂ ಸುಲಭವಾಯಿತು. ನಮ್ಮ ಚೆನ್ನೈಯಲ್ಲಿ ೧೯೫೩ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಅಂಗವಾಗಿ ಆರಂಭವಾದದ್ದೇ ಇಂದಿನ ಸರ್ಕಾರಿ ದಂತವೈದ್ಯ ಕಾಲೇಜು.

ಈಗ ಸಾಧಾರಣ ಹಲ್ಲನ್ನು ಮೀಟಿ ಸಡಿಲಿಸಿ ಇಕ್ಕಳದಿಂದ ತೆಗೆಯುತ್ತಾರೆ. ದವಡೆಯಲ್ಲಿ ಅಡ್ಡಬಿದ್ದ ಬುದ್ಧಿಹಲ್ಲಾದರೆ ವಸಡು ಕೊಯ್ದು, ಮೂಳೆ ತುಸು ಕೊರೆದು, ಹಲ್ಲನ್ನು ತುಂಡುಮಾಡಿ ತೆಗೆದು ಹೊಲಿಗೆ ಹಾಕುತ್ತಾರೆ.

ನೋವು ಹೋದರೂ ನಮ್ಮ ಹೆದರಿಕೆ ಹೋಗಿಲ್ಲ. ಲವಂಗ ಕಚ್ಚಿಕೊಂಡು ದಿನ ದೂಡುತ್ತೇವೆ. ಬೇರಿನ ಕೀವು ಕುತ್ತಿಗೆಗಿಳಿದರೆ ಪ್ರಾಣಕ್ಕೇ ಸಂಚಕಾರ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವಂತೆ ಮಾಡಿಕೊಳ್ಳುವುದೇಕೆ?